ಕೆಂಪು ದೂಳಿನ ಊರಲ್ಲಿ ಬಿಳಿ ಪುಡಿ

೨೦೨೩ರ ಹೊತ್ತಿಗೆ ಹೊಸಪೇಟೆಯಲ್ಲಿ ನನ್ನ ಗ್ಯಾರೇಜಿಗೆ ಇಪ್ಪತ್ತಾರು ವರ್ಷವಾಗಿತ್ತು. ಸಂಡೂರಿನ ಕಡೆ ಹೊರಳುವ ರಸ್ತೆಯಲ್ಲಿ, ತಗಡಿನ ಮಾಡಿನ ಕೆಳಗೆ, ಎರಡು ಕಾರು ನಿಲ್ಲುವಷ್ಟು ಜಾಗ. ಪೆಟ್ರೋಲ್ ಕಾರಿನ ಕೆಲಸಕ್ಕೆ ವಿರುಪಣ್ಣನೇ ಆಗಬೇಕು ಎಂದು ಕಂಪ್ಲಿಯಿಂದಲೂ ಜನ ಬರುತ್ತಿದ್ದರು. ಆ ಮಾತನ್ನು ಎಲ್ಲರಿಗಿಂತ ಮೊದಲು ನಂಬಿದವನು ನಾನೇ. ನನಗೆ ಸಿಟ್ಟು ಜಾಸ್ತಿ, ಅದಕ್ಕಿಂತ ನಾಲಿಗೆ ಉದ್ದ. ಈ ಎರಡೂ ಸೇರಿ ಒಬ್ಬ ಒಳ್ಳೆಯ ಮನುಷ್ಯನನ್ನು ನಾಲ್ಕೂವರೆ ತಿಂಗಳು ಅಲೆಸಿದ ಕಥೆ ಇದು.

ಆ ಮನುಷ್ಯ ಈರಣ್ಣ ಮಾಸ್ತರು. ಮನೆ ಸಂಡೂರಿನಲ್ಲಿ, ಗಾದಿಗನೂರಿನ ಹೈಸ್ಕೂಲಿನಲ್ಲಿ ಗಣಿತದ ಪಾಠ. ಸಣ್ಣವರಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ೨೦೦೮ರಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು ಕೊಂಡು, ಬ್ರೇಕು, ಕ್ಲಚ್ಚು, ಆಕ್ಸಿಲರೇಟರ್ ಮೂರನ್ನೂ ಕೈಯಲ್ಲೇ ನಡೆಸುವಂತೆ ಸ್ಟೀರಿಂಗ್ ಪಕ್ಕದಲ್ಲಿ ಲಿವರ್ ಕೂಡಿಸಿಕೊಂಡಿದ್ದರು. ಆರ್‌ಸಿ ಪುಸ್ತಕದಲ್ಲೂ ಹಾಗೇ ದಾಖಲಾಗಿತ್ತು. ದಿನಾ ಅದಿರಿನ ಲಾರಿಗಳ ನಡುವೆ ಅವರೊಬ್ಬರೇ ಹೋಗಿ ಬರುತ್ತಿದ್ದರು. ಗ್ಯಾರೇಜಿಗೆ ಬಂದರೆ ಕೆಳಗಿಳಿಯುತ್ತಿರಲಿಲ್ಲ. ಕಿಟಕಿ ಇಳಿಸಿ, ಅಲ್ಲಿಂದಲೇ ಚಹಾ ಕುಡಿದು, ಅಲ್ಲಿಂದಲೇ ನನ್ನನ್ನು ಕಾಡಿಸುತ್ತಿದ್ದರು.

೨೦೨೨ರ ದಸರೆ ಮುಗಿದ ಮೇಲೆ, ಇನ್ನೂ ಬಾನೆಟ್ಟಿನ ಮೇಲೆ ಆಯುಧಪೂಜೆಯ ಕುಂಕುಮ ಇರುವಾಗಲೇ, ಅವರ ಕಾರಿನ ಮೀಟರಿನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟು ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿ ನೋಡಿದೆ. ಆಕ್ಸಿಜನ್ ಸೆನ್ಸರಿನಲ್ಲಿ ದೋಷ ಎನ್ನುವ ಕೋಡು.

ಈ ಸೆನ್ಸರ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಸೈಲೆನ್ಸರಿಗೆ ಹೋಗುವ ಹೊಗೆಯ ದಾರಿಯಲ್ಲಿ ಸ್ಪಾರ್ಕ್ ಪ್ಲಗ್ಗಿನಷ್ಟು ಗಾತ್ರದ ಒಂದು ತುಂಡು ಕೂತಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ನೋಡುತ್ತದೆ. ಅಡುಗೆಯವಳು ಸಾರಿನ ಹನಿ ನಾಲಿಗೆಗೆ ಹಚ್ಚಿ ಉಪ್ಪು ನೋಡಿದ ಹಾಗೆ. ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಎಮ್ಮಿಗೆ, ವೋಲ್ಟೇಜಿನ ಮೂಲಕ ಹೇಳುತ್ತದೆ. ಹಳೆಯ ಮಾದರಿಯ ಸೆನ್ಸರ್ ಚೆನ್ನಾಗಿದ್ದರೆ ಈ ವೋಲ್ಟೇಜು ಸುಮಾರು ೦.೧ರಿಂದ ೦.೯ರ ನಡುವೆ ಸದಾ ಓಡಾಡುತ್ತಿರಬೇಕು. ಮಾಸ್ತರ ಕಾರಿನಲ್ಲಿ ಅದು ಹತ್ತು ಸಲ ಕರೆದರೆ ಒಮ್ಮೆ ಓಗೊಡುವ ಮುದುಕನ ಹಾಗೆ ತೆವಳುತ್ತಿತ್ತು. ಸೆನ್ಸರನ್ನು ನಂಬುವಂತಿಲ್ಲ ಎಂದಾದಾಗ ಇಸಿಎಮ್ಮು ತನ್ನ ಅಂದಾಜಿನ ಮೇಲೆ ಪೆಟ್ರೋಲು ಸುರಿಯುತ್ತದೆ, ಹೊಗೆ ಕೆಡುತ್ತದೆ.

ಹದಿನಾಲ್ಕು ವರ್ಷದ ಸೆನ್ಸರ್, ಸತ್ತಿದೆ, ಅದರಲ್ಲೇನು ಎಂದುಕೊಂಡೆ. ತೆಗೆದು, ಮುಖ ಕೂಡ ನೋಡದೆ ಗುಜರಿ ಡಬ್ಬಿಗೆ ಎಸೆದು, ಹೊಸದು ಹಾಕಿದೆ. ಏರ್ ಫಿಲ್ಟರ್ ಜಾಡಿಸಿ, ಮುಚ್ಚಳ ಬಂದೋಬಸ್ತ್ ಮಾಡಿ ಕಳಿಸಿದೆ. ಮೂರು ವಾರ ಆಗಿರಲಿಲ್ಲ, ಮಾಸ್ತರ ಫೋನು ಬಂತು.

"ವಿರುಪಣ್ಣ, ನಿಮ್ಮ ದೀಪ ಮತ್ತ ಹತ್ತೇತ್ರಿ. ದೀಪಾವಳಿ ಮುಗದೈತಿ ಅಂತ ಅದಕ್ಕ ಹೇಳ್ರಿ."

ನನಗೆ ನಗು ಬರಲಿಲ್ಲ. ಅದೇ ಕೋಡು. ಬಿಡಿಭಾಗದ ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ ಎಂದು ಅಲ್ಲಿಗೆ ಹೋಗಿ, ಗಿರಾಕಿಗಳ ಎದುರೇ ಅವನ ಜನ್ಮ ಜಾಲಾಡಿದೆ. ಆತ ಪಾಪ ಬೇರೆ ಸೆನ್ಸರ್ ಕೊಟ್ಟ. ಡಿಸೆಂಬರಿನಲ್ಲಿ ಅದನ್ನು ಹಾಕಿ, ಫಿಲ್ಟರ್ ಜಾಡಿಸಿ, ಮುಚ್ಚಳ ಬಂದೋಬಸ್ತ್ ಮಾಡಿ ಕಳಿಸಿದೆ. ಜನವರಿ ಮೊದಲ ವಾರ ಲೈಟು ಮತ್ತೆ ಹತ್ತಿತು.

ಈಗ ನಿಜವಾದ ಗಡಿಬಿಡಿ ಶುರುವಾಯಿತು. ಕಾರಿನ ಆರ್‌ಸಿಗೆ ಮಾರ್ಚಿ ಇಪ್ಪತ್ತೊಂದಕ್ಕೆ ಹದಿನೈದು ವರ್ಷ ತುಂಬುತ್ತಿತ್ತು. ಆಮೇಲೂ ರಸ್ತೆಗಿಳಿಸಬೇಕೆಂದರೆ ಆರ್‌ಟಿಒ ತಪಾಸಣೆಯಾಗಿ ಆರ್‌ಸಿ ನವೀಕರಣ ಆಗಬೇಕು, ಅದಕ್ಕೆ ಹೊಗೆ ಪರೀಕ್ಷೆಯ ಸರ್ಟಿಫಿಕೇಟು ಬೇಕು. ಆ ಕಾರು ನಿಂತಲ್ಲೇ ಎಂಜಿನ್ ಓಡುವಾಗ, ಅಂದರೆ ಐಡ್ಲಿಂಗಿನಲ್ಲಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಶೇಕಡಾ ೦.೫ ದಾಟಬಾರದು. ಜನವರಿ ಕೊನೆಗೆ ನೋಡಿಸಿದಾಗ ೧.೯ ಬಂತು. ಪರೀಕ್ಷೆ ಮಾಡುವ ಗಂಗಾಧರ ನನಗೆ ಬೇಕಾದವನೇ, ಆದರೂ ಚೀಟಿ ತೋರಿಸಿ, "ಅಣ್ಣಾ, ಇದಕ್ಕ ನಾ ಏನೂ ಮಾಡಾಕ ಬರಂಗಿಲ್ಲ," ಎಂದ.

ಈ ಸಲ ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ತುದಿಯ ಮೇಲೆ ಬಿಳಿ ಪುಡಿ.

ನಮ್ಮ ಕಡೆ ಅದಿರಿನ ದೂಳಿಗೆ ಕಾರಿನಲ್ಲಿ ಏನೇ ಬಿಚ್ಚಿದರೂ ಕೆಂಪು. ಸೀಟು ಕೆಂಪು, ಫಿಲ್ಟರು ಕೆಂಪು, ಮೆಕ್ಯಾನಿಕ್ಕಿನ ಮೂಗಿನೊಳಗೂ ಕೆಂಪು. ಪೆಟ್ರೋಲು ಹೆಚ್ಚು ಉರಿದಿದ್ದರೆ ಸೆನ್ಸರ್ ಮಸಿ ಹಿಡಿದು ಕಪ್ಪಾಗುತ್ತದೆ, ಅದೂ ಗೊತ್ತು. ಆದರೆ ಸುಣ್ಣದ ನೀರು ಹಚ್ಚಿ ಒಣಗಿಸಿದಂಥ ಈ ಬಿಳುಪು ಎಲ್ಲಿಂದ ಬಂತು? ರೇಡಿಯೇಟರಿನ ಕೂಲಂಟು ಒಳಗೆ ಸೋರಿ ಉರಿದರೂ ಬಿಳಿ ಕೂರುತ್ತದೆ ಎಂದು ಕೇಳಿದ್ದೆ. ಎರಡು ದಿನ ಕಾರು ನಿಲ್ಲಿಸಿಕೊಂಡು ಪ್ರೆಷರ್ ಟೆಸ್ಟ್ ಮಾಡಿದೆ, ಒಂದು ಹನಿ ಸೋರಲಿಲ್ಲ. ಇಲಿ ಕಡಿದಿರಬಹುದೆಂದು ವೈರು ಪೂರ್ತಿ ತಡವಿದೆ, ಸರಿಯಾಗಿತ್ತು. ಬಂಕಿನ ಪೆಟ್ರೋಲ್ ಕಲಬೆರಕೆ ಇರಬೇಕೆಂದು ಬೇರೆ ಬಂಕಿಗೆ ಹೋಗಲು ಹೇಳಿದೆ. ಏನೂ ಬದಲಾಗಲಿಲ್ಲ. ತಲೆ ಚಿಟ್ಟು ಹಿಡಿಯಿತು. ಸ್ಕ್ಯಾನರಿನ ಮುಂದೆ ಕೂತರೆ ಅಕ್ಷರ ಕಾಣುತ್ತಿದ್ದವೇ ಹೊರತು ಅರ್ಥ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳೇ ಎಂದು ಒಳಗೊಳಗೇ ಹೆದರಿಕೆಯೂ ಆಯಿತು. ಹೆದರಿಕೆಯಾದಾಗ ನಾನು ಜೋರು ಮಾಡುತ್ತೇನೆ.

"ಮಾಸ್ತರ, ನನ್ನ ಮಾತ ಕೇಳ್ರಿ, ಈ ಕಾರು ಗುಜರಿಗೆ ಹಾಕಿಬಿಡ್ರಿ. ಇದಕ್ಕ ವಯಸ್ಸಾತು," ಎಂದೆ.

ಅವರು ಚಹಾದ ಲೋಟ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ಇದು ಬರೂಕಿಂತ ಮೊದ್ಲ ನಾ ಬಸ್ಸಿಗೆ ಹೋಗ್ತಿದ್ದೆ ವಿರುಪಣ್ಣ. ಹತ್ತಿಸಾಕ ಇಬ್ರು, ಇಳಿಸಾಕ ಇಬ್ರು. ಎತ್ತಿದವ್ರೆಲ್ಲ ಭಾಳ ಒಳ್ಳೇ ಮಂದಿ. ಆದ್ರ ದಿನಾ ಎತ್ತಿಸ್ಕೊಳ್ಳೋ ಸಂಕ್ಟ ಎತ್ತಿದವ್ರಿಗೆ ಗೊತ್ತಾಗಂಗಿಲ್ರಿ. ಹೊಸಾ ಕಾರ್ ತಗಂಡು, ಲಿವರ್ ಕೂಡಿಸಿ, ಕಾಗದಪತ್ರ ಆಗೂತನ ಅರ್ಧ ವರ್ಷ. ಅಲ್ಲೀತನ ನನ್ನ ಯಾರ್ ಎತ್ತಬೇಕು?"

ನಾನು ಹೋಗಿ ಬಾನೆಟ್ಟನ್ನು ಮತ್ತೆ ಎತ್ತಿದೆ.

ಫೆಬ್ರವರಿ ಎರಡನೆಯ ವಾರ ಅವರು ಮತ್ತೆ ಬಂದಾಗ ತೊಡೆಯ ಮೇಲೆ ಒಂದು ಗ್ರಾಫ್ ಪುಸ್ತಕವಿತ್ತು. ಲೈಟು ಹತ್ತಿದ ದಿನ, ಕಾರು ಓಡಿದ ಕಿಲೋಮೀಟರು, ಪೆಟ್ರೋಲು ಹಾಕಿಸಿದ ಬಂಕು, ಎಲ್ಲವನ್ನೂ ಗೀರು ಹಾಕಿ ಬರೆದಿದ್ದರು.

"ಬಂಕ್ ಬದಲಾಗೈತಿ, ಸೆನ್ಸರ್ ಬದಲಾಗೈತಿ, ಹವಾ ಬದಲಾಗೈತಿ. ಬದಲಾಗದ್ದು ಒಂದ ಐತಿ. ಮೂರೂ ಸಲ ಲೈಟ್ ಹತ್ತೂಕಿಂತ ಹದಿನೇಳು, ಹತ್ತೊಂಬತ್ತು, ಇಪ್ಪತ್ತು ದಿನಾ ಮುಂಚೆ ಕಾರು ನಿಮ್ಮ ಗ್ಯಾರೇಜಿಗೆ ಬಂದೈತಿ. ಲೆಕ್ಕದಾಗ ಎಲ್ಲಾರ್ನೂ ಹಿಡಿದೀರಿ, ನಿಮ್ಮನ್ನ ಬಿಟ್ಟೀರಿ."

ನಾನು ಕೆಂಡವಾದೆ. "ಹಂಗಾರ ನಾನ ಕೆಡಿಸಿ ಕಳಸ್ತೀನಿ ಅಂತೀರೇನ್ರಿ? ಬ್ಯಾರೆ ಗ್ಯಾರೇಜ್ ನೋಡ್ಕೊಳ್ರಿ!" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ.

"ಹಂಗಲ್ರಿ. ಇಲ್ಲಿಂದ ಹೋದ ದಿನ ಕಾರಿನ್ಯಾಗ ಗೋಬಿ ಅಂಗಡಿ ವಾಸ್ನಿ ಬರ್ತೈತಿ. ಹುಳಿ ಹುಳಿ. ಬಾನೆಟ್ಟಿನ ಕೆಳಗ ಗೋಬಿ ಕರೀತೀರೇನ್ ಮತ್ತ?"

ಅವರು ನಗಿಸಲು ಹೇಳಿದ್ದು. ನಾನು ಮಾತ್ರ ನಿಂತಲ್ಲೇ ನಿಂತೆ. ಗೋಬಿ ಅಂಗಡಿಯವರು ಹಾಕುವುದು ವಿನೆಗರ್. ಆ ವಾಸನೆ ನನ್ನ ಗ್ಯಾರೇಜಿನಲ್ಲಿ ಒಂದೇ ಒಂದು ವಸ್ತುವಿಗಿತ್ತು.

ಅದರ ಹಿನ್ನೆಲೆ ಹೇಳಬೇಕು. ನನಗೆ ಕೆಲಸ ಕಲಿಸಿದ ಉಸ್ತಾದರು ಗಣಿಯ ಜೀಪುಗಳಲ್ಲಿ ಪಳಗಿದವರು. ಅದಿರಿನ ದೂಳು ಎಂಜಿನ್ನಿಗೆ ಹೋದರೆ ಪಿಸ್ಟನ್ ತಿಂದುಹಾಕುತ್ತದೆ ಎಂದು ಅವರು ಏರ್ ಫಿಲ್ಟರಿನ ಮುಚ್ಚಳದ ಸುತ್ತ ಸೆಣಬಿನ ದಾರಕ್ಕೆ ಗ್ರೀಸು ಮೆತ್ತಿ ಬಿಗಿಯುತ್ತಿದ್ದರು. 'ದೂಳು ಕಟ್ಟೋದು' ಎಂದೇ ಅದಕ್ಕೆ ಹೆಸರು. ಸಂಡೂರು ಕಡೆಯ ಗಿರಾಕಿಗಳು ಮೊದಲು ಕೇಳುತ್ತಿದ್ದದ್ದೇ "ದೂಳ್ ಕಟ್ಟಿದ್ರೇನ್ರಿ?" ಎಂದು. ಗ್ರೀಸಿನ ರಾಡಿ ಯಾಕೆಂದು ಎರಡು ವರ್ಷದಿಂದ ನಾನು ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಪೇಸ್ಟು ಬಳಸುತ್ತಿದ್ದೆ. ಬಚ್ಚಲುಮನೆ ಕಿಟಕಿಯ ಗಾಜಿಗೆ ಹಚ್ಚುತ್ತಾರಲ್ಲ, ಅದೇ. ಮೂಗಿಗೆ ಹುಳಿ ಹೊಡೆಯುತ್ತದೆ, ಒಣಗಿದರೆ ರಬ್ಬರಿನಂತಾಗುತ್ತದೆ. ಮೊದಲ ಸಲ ಲೈಟು ಹತ್ತುವುದಕ್ಕೂ ಮುಂಚೆ, ದಸರೆಗೆಂದು ಮಾಡಿದ ಸರ್ವೀಸಿನಲ್ಲಿ ಮಾಸ್ತರ ಕಾರಿನ ಫಿಲ್ಟರ್ ಮುಚ್ಚಳದ ಕ್ಲಿಪ್ಪು ಮುರಿದಿತ್ತು. ಅಂದಿನಿಂದ ಪ್ರತಿ ಸಲ ಮುಚ್ಚಳಕ್ಕೂ ಅದರ ಮುಂದಿನ ಗಾಳಿ ಪೈಪಿಗೂ ಧಾರಾಳವಾಗಿ ಪೇಸ್ಟು ಹಚ್ಚಿ, ಅದು ಹಸಿಯಿರುವಾಗಲೇ ಎಂಜಿನ್ ಚಾಲೂ ಮಾಡುತ್ತಿದ್ದೆ. ಬಂದೋಬಸ್ತ್ ಎಂದೆನಲ್ಲ, ಅದು ಇದೇ.

"ಸೆನ್ಸರಿನ ಡಬ್ಬಿ ಐತೇನ್ರಿ?" ಎಂದರು ಮಾಸ್ತರು. ಸ್ಕ್ರೂ ಹಾಕಲು ಇಟ್ಟುಕೊಂಡಿದ್ದ ಡಬ್ಬಿಯ ತಳದಲ್ಲಿ ಮಡಚಿದ ಚೀಟಿ ಹಾಗೇ ಇತ್ತು. ನಾನು ಅಂಥ ಚೀಟಿಯನ್ನು ಜನ್ಮದಲ್ಲಿ ಬಿಡಿಸಿದವನಲ್ಲ. ಇರುವೆ ಸಾಲಿನಂಥ ಇಂಗ್ಲಿಷನ್ನು ಅವರು ಕಣ್ಣು ಕಿರಿದು ಮಾಡಿ ಓದಿ, ಕನ್ನಡದಲ್ಲಿ ಹೇಳಿದರು. ಸಾಮಾನ್ಯ ಸಿಲಿಕೋನ್ ಪೇಸ್ಟಿನ ಆವಿ ಎಂಜಿನ್ನಿಗೆ ಹೋದರೆ ಸೆನ್ಸರಿನ ತುದಿಯ ಮೇಲೆ ಬಿಳಿ ಪದರ ಕೂತು ಸೆನ್ಸರ್ ಹಾಳಾಗುತ್ತದೆ. ಸೆನ್ಸರಿಗೆ ಹಾನಿ ಮಾಡದ ಪೇಸ್ಟನ್ನೇ ಬಳಸಬೇಕು.

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಉಸ್ತಾದರ ಜೀಪಿನಲ್ಲಿ ಇದ್ದದ್ದು ಕಾರ್ಬುರೇಟರ್, ಸೆನ್ಸರೇ ಇರಲಿಲ್ಲ, ಕೆಡುವುದಾದರೂ ಏನು? ಅವರ ಬುದ್ಧಿ ಅವರ ಗಾಡಿಗೆ ಸರಿಯಾಗಿತ್ತು. ಅದಕ್ಕೆ ನನ್ನ ಜಾಣತನ ಸೇರಿಸಿ ಕೆಡಿಸಿದವನು ನಾನು. ನಾಚಿಕೆಯಾಯಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಅಷ್ಟು ಸುಳ್ಳು ದಾರಿ ತುಳಿದ ಮೇಲೆ ಇದೂ ಇನ್ನೊಂದು ಸುಳ್ಳು ದಾರಿಯೇ ಇರಬಹುದಲ್ಲ?

"ನಂಬಬ್ಯಾಡ್ರಿ. ಒಂದನ್ನ ಬದಲು ಮಾಡಿ ನೋಡ್ರಿ. ಪೇಸ್ಟ್ ಬಿಟ್ಟು ಉಳಿದದ್ದೆಲ್ಲ ಹಂಗ ಇರ್ಲಿ," ಎಂದರು ಮಾಸ್ತರು.

ಗುಜರಿ ಕಾರೊಂದರಿಂದ ಕ್ಲಿಪ್ಪು ಸರಿಯಿದ್ದ ಫಿಲ್ಟರ್ ಡಬ್ಬಿ ತಂದೆ. ಹಳೆಯ ಪೇಸ್ಟನ್ನೆಲ್ಲ ಕೆರೆದು, ಗಾಳಿಯ ದಾರಿ ತೊಳೆದು, ಮುಚ್ಚಳಕ್ಕೆ ಹೊಸ ರಬ್ಬರ್ ರಿಂಗು ಕೂಡಿಸಿ, ಮೂರನೆಯ ಸೆನ್ಸರನ್ನು ನನ್ನ ಖರ್ಚಿನಲ್ಲೇ ಹಾಕಿದೆ. ಅಂದು ಫೆಬ್ರವರಿ ಹದಿನೈದು. ಆರ್‌ಸಿಗೆ ಉಳಿದದ್ದು ಐದು ವಾರವೂ ಇಲ್ಲ. ಇದೂ ಕೆಟ್ಟರೆ ಇನ್ನೊಂದು ಪ್ರಯತ್ನಕ್ಕೆ ಪುರಸೊತ್ತಿರಲಿಲ್ಲ.

ಅವತ್ತಿನಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ತರ ಫೋನು. ಒಂದೇ ಮಾತು. "ಹತ್ತಿಲ್ರಿ." ಹದಿನೇಳನೆಯ ದಿನ, ಹತ್ತಿಲ್ರಿ. ಹತ್ತೊಂಬತ್ತನೆಯ ದಿನ, ಹತ್ತಿಲ್ರಿ. ಇಪ್ಪತ್ತನೆಯ ದಿನ ಫೋನೇ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತವನು ಎದ್ದು ಮತ್ತೆ ಫೋನು ಮಾಡಿದೆ. ದಾರಿಯಲ್ಲೇ ಲೈಟು ಹತ್ತಿ, ಕಾರು ನಿಂತು, ಯಾರೋ ಇಬ್ಬರು ಅವರನ್ನು ಎತ್ತಿ ಲಾರಿಗೆ ಹತ್ತಿಸುತ್ತಿರುವಂತೆ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಗ್ಗೆ ಗ್ಯಾರೇಜಿನ ಮುಂದೆ ಆ ಕಾರು ಬಂದು ನಿಂತಿತು. "ಮಕ್ಳ ಪರೀಕ್ಷೆ ಬಂತಲ್ರಿ, ಪಾಠ ಮಾಡಾಕ ಹತ್ತಿ ಫೋನ್ ಮರತೆ," ಎಂದರು. ನಾನು ಬಾಯಿಗೆ ಬಂದಂತೆ ಬೈದೆ. ಅವರು ನಕ್ಕು, ಮೀಟರಿನ ಕಡೆ ಬೆರಳು ತೋರಿಸಿದರು. ಹಳದಿ ಲೈಟು ಇರಲಿಲ್ಲ. ಅಲ್ಲಿಂದ ಸೀದಾ ಗಂಗಾಧರನ ಹತ್ತಿರ ಹೋದೆವು. ಚೀಟಿಯಲ್ಲಿ ೦.೨ ಬಂತು. ತಪಾಸಣೆಯೂ ಆಗಿ, ಆರ್‌ಸಿ ಐದು ವರ್ಷಕ್ಕೆ ನವೀಕರಣವಾಯಿತು. ಅದನ್ನು ತೋರಿಸಲು ಬಂದ ದಿನ ನಾನು ಕಿಟಕಿಯ ಹತ್ತಿರ ಬಗ್ಗಿ, "ತಪ್ಪು ನಂದ್ರಿ ಮಾಸ್ತರ," ಎಂದೆ. ಇಪ್ಪತ್ತಾರು ವರ್ಷದಲ್ಲಿ ಗಿರಾಕಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಹೌದ್ರಿ," ಎಂದರು ಅವರು. ಅಲ್ಲವೆಂದು ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. "ಚಹಾ ಹೇಳ್ರಿ."

ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷದಲ್ಲಿ ಸಿಲಿಕೋನಿನಿಂದ ದೂಳು ಕಟ್ಟಿದ ಕಾರುಗಳನ್ನು ನೆನಪು ಮಾಡಿಕೊಂಡೆ. ಹನ್ನೊಂದು ಸಿಕ್ಕವು. ಅವುಗಳಲ್ಲಿ ನಾಲ್ಕು ಕಾರಿನ ಸೆನ್ಸರ್ ನಾನೇ ಬದಲಾಯಿಸಿ, ನಿಮ್ಮ ಬಂಕಿನ ಪೆಟ್ರೋಲ್ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದೆ. ಉಳಿದ ಏಳು ಯಾಕೆ ಕೆಡಲಿಲ್ಲವೋ ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಹನ್ನೊಂದೂ ಮಂದಿಗೆ ಫೋನು ಮಾಡಿ ಕರೆಸಿ, ಪೇಸ್ಟು ಕೆರೆದು ಕೊಟ್ಟೆ. ಕೆಲವರು ಬೈದರು, ಬೈಸಿಕೊಂಡೆ. ಪಾಪಿನಾಯಕನಹಳ್ಳಿಯ ಒಬ್ಬ ಹಿರಿಯರು ಮಾತ್ರ ಬೈಯಲಿಲ್ಲ, ಒಂದು ಪ್ರಶ್ನೆ ಕೇಳಿದರು. "ನಿನ್ನ ಮಾತ ಕೇಳಿ ನಾ ಬಂಕಿನ ಹುಡುಗನ್ನ ಕಳ್ಳ ಅಂದು ಬಂದೀನಲ್ಲೋ ಮಾರಾಯಾ. ಅವಂಗೇನ್ ಹೇಳ್ಲಿ ಈಗ?"

ಮರುದಿನ ಅವರನ್ನು ಕಾರಿನಲ್ಲಿ ಕೂಡಿಸಿಕೊಂಡು ನಾನೇ ಆ ಬಂಕಿಗೆ ಹೋದೆ. ಬಿಡಿಭಾಗದ ಅಂಗಡಿಗೂ ಹೋದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರಿಗೆಲ್ಲ ಹೇಳಿ ನಗುತ್ತಿದ್ದವನು ನಾನು. ಸೆನ್ಸರಿನ ಕೋಡು ಬಂದ ಮಾತ್ರಕ್ಕೆ ಸೆನ್ಸರೇ ಕಳ್ಳನಲ್ಲ, ಅದು ದೂರು ಕೊಡುತ್ತಿರುವವನೂ ಆಗಿರಬಹುದು. ಬದಲಾಯಿಸುವ ಮೊದಲು ಅದರ ತುದಿಯ ಬಣ್ಣ ನೋಡಬೇಕು. ಕಸುಬು ನನಗೆ ಕಲಿಸಿದ್ದು ಇಷ್ಟು. ಈಗ ಯಾವ ಕಾರು ಬಂದರೂ ಬಾನೆಟ್ ಎತ್ತುವ ಮೊದಲು ಒಂದು ಪುಸ್ತಕ ತೆಗೆಯುತ್ತೇನೆ. ಮಾಸ್ತರದೇ ಗ್ರಾಫ್ ಪುಸ್ತಕ, ಉಳಿದ ಹಾಳೆ ನನಗೆ ಕೊಟ್ಟುಹೋದರು. ಅದರಲ್ಲಿ ಮೊದಲು ಬರೆಯುವುದು ಕಾರಿಗೆ ಏನಾಗಿದೆ ಎಂದಲ್ಲ, ಹೋದ ಸಲ ನಾನು ಏನು ಮಾಡಿದೆ ಎಂದು. ಬರೆಯುವಾಗ ಹೊರಗೆ ರಸ್ತೆಯಲ್ಲಿ ಮಾಸ್ತರ ಕಾರು ಹಾರ್ನ್ ಹೊಡೆದು ಹೋಗುವುದುಂಟು. ಒಳಗೆ ಅವರೊಬ್ಬರೇ ಇರುತ್ತಾರೆ.