ಸೂಗಮ್ಮನ ಅರ್ಧ ತಾಸು

ನಮ್ಮ ಶಹಾಬಾದದ ಓಣಿಯಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ನಡೆದರೆ ತಲೆಯ ಮೇಲೆ ಕೊಡ ಇರಬೇಕು, ಇಲ್ಲವೇ ಕೈಯಲ್ಲಿ ಸೀಮೆಎಣ್ಣೆ ಡಬ್ಬಿ. ಹೊಸ್ತಿಲು ದಾಟಿದರೆ ಸಾಕು, ಎಲ್ಲಿಗೆ ಎಂಬ ಪ್ರಶ್ನೆ ಎದುರು ಮನೆಯಿಂದ ಬಂದೇ ಬರುತ್ತದೆ. ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಇಂಥ ಓಣಿಯಲ್ಲಿದ್ದುಕೊಂಡು ನಮ್ಮ ಪಕ್ಕದ ಮನೆಯ ಸೂಗಮ್ಮ ದಿನಾ ಅರ್ಧ ತಾಸು ನಡೆಯಬೇಕಾಗಿ ಬಂತು. ಪಾಪ, ಯಾವ ಜನ್ಮದ ಕರ್ಮವೋ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ಅದು. ಹೆಸರು ಬದಲಾಯಿತು, ಹೆಂಗಸರ ಚಾಕರಿ ಬದಲಾಗಲಿಲ್ಲ. ಸೂಗಮ್ಮ ಹೊತ್ತು ಮೂಡುವ ಮೊದಲೇ ಒಲೆ ಹಚ್ಚಿ, ರೊಟ್ಟಿ ಬಡಿದು, ಹೊಲಿಗೆ ಮಷಿನ್ನಿಗೆ ಕೂತರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಗಂಡ ಕಲ್ಯಾಣಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತಿ ಲಾರಿಗೆ ಹಾಕುವವನು.

ಆ ವರ್ಷ ಅವಳ ಕಾಲು ಊದತೊಡಗಿದವು. ಗೋಡೆ ಹಿಡಿಯದೆ ಏಳಲು ಬರುತ್ತಿರಲಿಲ್ಲ. ದಿನಾ ನಡೆಯದಿದ್ದರೆ ಈ ಕಾಲು ಸೆಟೆದು ಮಷಿನ್ ತುಳಿಯಲಿಕ್ಕೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಸೂಗಮ್ಮನಿಗೆ ನಗು ಬಂತಂತೆ. ಇಡೀ ದಿನ ಮಷಿನ್ ತುಳಿಯುತ್ತೇನಲ್ಲ, ಇನ್ನೇನು ಕಾಲು ಆಡಿಸಲಿ ಎಂದು ಕೇಳಿದಳು. ಅದು ಬೇರೆ, ಕೈಬೀಸಿಕೊಂಡು ನಡೆಯಬೇಕು ಎಂದರಂತೆ. ಮಷಿನ್ ನಿಂತರೆ ಮನೆಯ ಅರ್ಧ ಒಲೆ ಆರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೆದರಿ ಹೂಂ ಅಂದು ಬಂದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೊದಲ ಸಂಜೆ ಸೆರಗು ಹೊದ್ದು ಹೊರಟರೆ ಅತ್ತೆ ಭಾಗಮ್ಮ, "ಹೆಂಗೂ ಹೊಂಟೀದಿ, ಗಿರಣ್ಯಾಗ ಜ್ವಾಳ ಹಾಕಿಸ್ಕೊಂಡು ಬಾ" ಎಂದು ತಲೆಗೆ ಬುಟ್ಟಿ ಏರಿಸಿದಳು. ಮರುದಿನ ಎದುರು ಮನೆಯ ಹಮೀದಾಬಿ, ಹೇಗೂ ಹೊರಟಿದ್ದೀಯಲ್ಲ ಎಂದು ಸೀಮೆಎಣ್ಣೆಯ ಡಬ್ಬಿ ಕೊಟ್ಟಳು. ಗಿರಣಿಯಲ್ಲಿ ಪಾಳಿ, ಅಂಗಡಿಯಲ್ಲಿ ಪಾಳಿ. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಮನೆಗೆ ಬಂದು, ಅರ್ಧಕ್ಕೆ ಬಿಟ್ಟ ಹೊಲಿಗೆಗೆ ಮತ್ತೆ ಕೂಡಬೇಕು. ಒಮ್ಮೆ ನನ್ನ ಮುಂದೆ ಕೂತು ಅತ್ತಳು. ಆಗುವುದಿಲ್ಲ ಎಂದು ಹೇಳಿಬಿಡು ಅಂದೆ. ಅವಳ ಬಾಯಿಗೆ ಆ ಮಾತು ಬರುತ್ತಿರಲಿಲ್ಲ. ನನಗೆ ಬರುತ್ತದೆ, ಅದಕ್ಕೇ ಓಣಿಯಲ್ಲಿ ನಾನು ಜಗಳಗಂಟಿ.

ಒಂದು ಸಂಜೆ ಸೂಗಮ್ಮ ಅತ್ತೆಗೂ ಹೇಳದೆ ಬರಿಗೈಯಲ್ಲಿ ಹೊರಟಳು. ಎಲ್ಲಿಗೆ ಎಂದಳು ಹಮೀದಾಬಿ. ಎಲ್ಲಿಗೂ ಇಲ್ಲ ಎಂದವಳೇ ನಿಲ್ಲದೆ ರೈಲು ಹಳಿಯ ಕಡೆ ನಡೆದುಬಿಟ್ಟಳು.

ಬರಿಗೈ, ಎಲ್ಲಿಗೂ ಇಲ್ಲ ಎಂಬ ಮಾತು, ಅದರ ಮೇಲೆ ಹಳಿಯ ದಿಕ್ಕು. ಓಣಿಗೆ ಇನ್ನೇನು ಬೇಕು? ಹಮೀದಾಬಿ ಎದೆ ಹಿಡಿದುಕೊಂಡು ಭಾಗಮ್ಮನ ಹತ್ತಿರ ಓಡಿದಳು. ಭಾಗಮ್ಮ ಬಾಯಿ ಬಡಿದುಕೊಂಡು ಅಳತೊಡಗಿದಳು. ವಾಡಿ ಕಡೆಯ ಗಾಡಿ ಬರುವ ಹೊತ್ತು ಬೇರೆ. ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ಕಲ್ಯಾಣಪ್ಪ ತಂಬಿಗೆ ಎಸೆದು ಓಡಿದ. ಹಿಂದಿನಿಂದ ನಾನೂ ಓಡಿದೆ.

ಸೂಗಮ್ಮ ಹಳಿಯ ಪಕ್ಕದ ಕಾಲುದಾರಿಯಲ್ಲಿ ಕೈಬೀಸಿಕೊಂಡು ಹೋಗುತ್ತಿದ್ದಳು. ಕಲ್ಯಾಣಪ್ಪ ರಟ್ಟೆ ಹಿಡಿದು ನಿಲ್ಲಿಸಿದ. ಅವನಿಗೆ ಉಸಿರೇ ಸಿಗುತ್ತಿರಲಿಲ್ಲ. ನಿನಗೇನು ಕಡಿಮೆ ಮಾಡಿದೆ ಎಂದು ಅತ್ತೇಬಿಟ್ಟ. ನಡೆಯಲಿಕ್ಕೆ ಬಂದೆ ಎಂದಳು ಅವಳು. ಸುಳ್ಳು ಹೇಳಬೇಡ, ಸುಮ್ಮನೆ ಯಾರಾದರೂ ನಡೆಯುತ್ತಾರೆಯೇ ಎಂದ.

ಸೂಗಮ್ಮ ಕೈ ಬಿಡಿಸಿಕೊಂಡಳು. ಎಂದೂ ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ.

"ಸಾಯಾಕ ಬಂದೀನಿ ಅಂದ್ರ ಎಲ್ಲಾರೂ ನಂಬತೀರಿ. ನಡ್ಯಾಕ ಬಂದೀನಿ ಅಂದ್ರ ಯಾರೂ ನಂಬಂಗಿಲ್ಲ. ನನಗ ಭಾಳ ಸಾಕಾಗ್ಯಾದ್ರಿ."

ಗಾಡಿ ಬಂತು, ಹೋಯಿತು. ಕಲ್ಯಾಣಪ್ಪನದು ಹಗಲೆಲ್ಲ ಕಲ್ಲು ಎತ್ತಿದ ಮೈ, ಮೇಲೆ ಈ ಓಟ. ಅಲ್ಲೇ ಬಿದ್ದಿದ್ದ ಬಂಡೆಯ ಮೇಲೆ ಕುಸಿದು ಕೂತ.

"ನೀ ನಡಿ. ನಾ ಇಲ್ಲೇ ಕುಂತಿರತೀನಿ. ಮಂದಿ ಏನೂ ಅನ್ನಂಗಿಲ್ಲ."

ಅವಳು ಸಿಗ್ನಲ್ ಕಂಬದವರೆಗೆ ಹೋಗಿ ತಿರುಗಿ ಬಂದಳು. ಅಷ್ಟರಲ್ಲಿ ಅವನು ಮೊಳಕಾಲಿಗೆ ತಲೆಕೊಟ್ಟು ನಿದ್ದೆ ಹೋಗಿದ್ದ. ಎಬ್ಬಿಸಲೇ ಎಂದು ಕೇಳಿದೆ. ಬೇಡ ಎಂದು ಕೈಸನ್ನೆ ಮಾಡಿ, ಮತ್ತೊಮ್ಮೆ ಕಂಬದ ಕಡೆ ಹೊರಟಳು.