ಹೆಡ್‌ಲೈಟ್ ಉಜ್ಜಿದ ಶನಿವಾರ

ಅಪ್ಪ ಕೇಳಿದ್ದು ರಾತ್ರಿ ಊಟದ ಹೊತ್ತಿನಲ್ಲಿ. "ಗಾಡಿ ಕೊಟ್ಬಿಡ್ಲಾ? ಕಡಬದ ಮೇಷ್ಟ್ರು ಕೇಳ್ತಾವ್ರೆ."

ಗಾಡಿ ಎಂದರೆ ಮನೆಯ ಹಳೇ ಕಾರು. ನಾನು ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದೆ. "ನಿಮ್ಮಿಷ್ಟ" ಎಂದೆ.

ನಮ್ಮ ಮನೆಯಲ್ಲಿ ದೊಡ್ಡವರಿಗೆ ಬೇಡ ಎಂದು ಹೇಳುವ ರೂಢಿಯಿಲ್ಲ. ಬೇಡವಾದಾಗ ಸುಮ್ಮನಿರಬೇಕು. ಇನ್ನೂ ಬೇಡವಾದರೆ ತಟ್ಟೆ ಎತ್ತಿಕೊಂಡು ಎದ್ದು ಹೋಗಬೇಕು. ನಾನು ಎರಡನ್ನೂ ಮಾಡದೆ ಬಾಯಿ ಬಿಟ್ಟು ನಿಮ್ಮಿಷ್ಟ ಎಂದುಬಿಟ್ಟಿದ್ದೆ. ಅಪ್ಪ ಅದನ್ನು ಒಪ್ಪಿಗೆ ಎಂದುಕೊಂಡರೆ ಅದು ಅವರ ತಪ್ಪಲ್ಲ. ಆಮೇಲೆ ಗುಬ್ಬಿಯ ಒಂದು ಛತ್ರದಲ್ಲಿ ಯಾರದೋ ಮದುವೆಗೆ ಹೋದಾಗ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ ಮೇಷ್ಟ್ರಿಗೆ ಮಾತು ಕೊಟ್ಟು ಬಂದರು.

ಈ ಮೇಷ್ಟ್ರು ಅಪ್ಪನ ಹಳೆಯ ಸ್ನೇಹಿತರು. ಅಪ್ಪ ಗುಮಾಸ್ತರಾಗಿದ್ದ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಈಗ ಕಡಬದಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಶನಿವಾರ ಸಂಜೆ ಬಂದು ಗಾಡಿ ನೋಡುತ್ತೇನೆ, ಭಾನುವಾರ ಬೆಳಿಗ್ಗೆ ಮಗನನ್ನು ಕರೆತಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು. ಒಂದೇ ದಿನ ಮುಗಿಸಬಹುದಿತ್ತು. ಆದರೆ ಶನಿವಾರ ಕಬ್ಬಿಣ ಕೊಳ್ಳಬಾರದು, ಮನೆಗೆ ತರಬಾರದು. ಈ ಕಡೆಯ ಹಿರಿಯರು ಆ ದಿನ ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ.

ಗಾಡಿ ನನಗೆ ಯಾಕೆ ಬೇಕಿತ್ತು ಎಂದು ಹೇಳಬೇಕು. ನಾನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಇರುವುದು ಗುಬ್ಬಿಯಲ್ಲಿ, ಅಪ್ಪ ಅಮ್ಮನ ಜೊತೆ. ಮೊದಲ ವರ್ಷ ಬಸ್ಸಿನಲ್ಲೇ ಹೋದೆ. ತುಮಕೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಹೆಬ್ಬೂರು ಬರುವಷ್ಟರಲ್ಲಿ ಪಕ್ಕದ ಸೀಟಿನವರು ನಮ್ಮ ಊರು, ಮನೆತನ, ನನ್ನ ವಯಸ್ಸು ಎಲ್ಲವನ್ನೂ ಕೇಳಿ ಮುಗಿಸಿ, "ಮತ್ತೆ ಯಾಕವ್ವಾ ಇನ್ನೂ?" ಎನ್ನುವಲ್ಲಿಗೆ ಬಂದಿರುತ್ತಿದ್ದರು. ಎರಡನೇ ವರ್ಷ ಅಪ್ಪನ ಮಂಡಿನೋವು ಹೆಚ್ಚಾಗಿ ಕ್ಲಚ್ ತುಳಿಯುವುದು ಕಷ್ಟವಾಯಿತು. ಟಿವಿ ಪಕ್ಕದ ಮೊಳೆಯಲ್ಲಿ ಕ್ಯಾಲೆಂಡರಿನ ಜೊತೆ ತೂಗುತ್ತಿದ್ದ ಕೀಯನ್ನು ಒಂದು ಬೆಳಿಗ್ಗೆ ನಾನೇ ತೆಗೆದುಕೊಂಡೆ. ಯಾರೂ ಕೊಟ್ಟಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ.

ಅಂದಿನಿಂದ ದಿನಾ ಸಂಜೆ ವಾಪಸು ಬರುವಾಗ ಕುಣಿಗಲ್ ಕೆರೆಯ ಬಳಿ ಗಾಡಿ ನಿಲ್ಲಿಸಿ, ಕಿಟಕಿಯ ಗಾಜು ಏರಿಸಿಕೊಂಡು ಹತ್ತು ನಿಮಿಷ ಕೂತಿರುತ್ತಿದ್ದೆ. ಅಲ್ಲಿ ಏನು ಮಾಡುತ್ತಿದ್ದೆ ಎಂದು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಕಾಲೇಜಿನಲ್ಲಾಗಲಿ ಮನೆಯಲ್ಲಾಗಲಿ ನನಗೆಂದು ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಇರಲಿಲ್ಲ ಎಂದಷ್ಟೇ ಹೇಳಬಹುದು.

ಹದಿನಾಲ್ಕು ವರ್ಷ ಬಿಸಿಲಲ್ಲಿ ನಿಂತ ಗಾಡಿ ಅದು. ಎರಡು ಹೆಡ್‌ಲೈಟೂ ಹಳೇ ತುಪ್ಪದ ಬಣ್ಣಕ್ಕೆ ತಿರುಗಿದ್ದವು. ಕತ್ತಲಾದರೆ ಮುಂದಿನ ರಸ್ತೆ ಚಿಮಣಿ ದೀಪ ಹಿಡಿದಂತೆ ಕಾಣುತ್ತಿತ್ತು. "ಲೈಟ್ ಒಂಚೂರು ಕ್ಲೀನ್ ಮಾಡ್ಸಿದ್ರೆ ಮೇಷ್ಟ್ರಿಗೆ ತೋರ್ಸೋಕೆ ಚೆನ್ನಾಗಿರುತ್ತೆ" ಎಂದರು ಅಪ್ಪ.

"ನಾನೇ ಮಾಡ್ತೀನಿ" ಎಂದೆ. ಯಾಕೆ ಹಾಗೆಂದೆನೋ. ಆ ವಾರವೆಲ್ಲ ಕೈ ಸುಮ್ಮನಿರುತ್ತಿರಲಿಲ್ಲ. ಕ್ಲಾಸಿನಲ್ಲಿ ಸೀಮೆಸುಣ್ಣ ಮುರಿಯುತ್ತಿದ್ದೆ, ಮನೆಯಲ್ಲಿ ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ.

ಶುಕ್ರವಾರ ಸಂಜೆ ತುಮಕೂರಿನಲ್ಲಿ, ಸತ್ಯಮಂಗಲದ ಕಡೆಯ ಒಂದು ಪೇಂಟ್ ಅಂಗಡಿಗೆ ಹೋಗಿ ವಾಟರ್ ಪೇಪರ್ ಕೇಳಿದೆ. ನೀರು ಹಾಕಿ ಉಜ್ಜುವ ಮರಳು ಕಾಗದ ಅದು. ಎಂಟುನೂರು, ಸಾವಿರದೈನೂರು, ಎರಡು ಸಾವಿರ. ನಂಬರು ಹೆಚ್ಚಾದಷ್ಟೂ ಕಾಗದ ನಯ.

"ಗೋಡೆಗಾ ಮೇಡಂ, ಗಾಡಿಗಾ?"

"ಹೆಡ್‌ಲೈಟ್‌ಗೆ."

"ಹೊಸಾದು ಹಾಕ್ಸಿಬಿಟ್ರೆ ಅರ್ಧ ಗಂಟೆ ಕೆಲ್ಸ. ಇದು ಭುಜದ ಕೆಲ್ಸ ಮೇಡಂ, ನಾಳೆ ಬೋರ್ಡ್ ಮೇಲೆ ಬರೆಯಕ್ಕೂ ಕೈ ಏಳಲ್ಲ." ಅಂಗಡಿಯವನು ನನ್ನ ಕೈಗೆ ಮೆತ್ತಿದ್ದ ಸೀಮೆಸುಣ್ಣ ನೋಡಿ ನಗುತ್ತಲೇ, ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡಿನ ಒಂದು ಸಣ್ಣ ಡಬ್ಬಿ, ಮಾಸ್ಕಿಂಗ್ ಟೇಪು ಕಟ್ಟಿದ. ನಾನೂರರ ಒಂದು ತುಂಡನ್ನೂ ಹಾಗೇ ಒಳಗಿಟ್ಟ. "ಇದು ಭಾರೀ ಒರಟು. ಬೇಕಾಗಲ್ಲ, ಇರ್ಲಿ."

ಶನಿವಾರ ನನಗೆ ಕ್ಲಾಸಿರಲಿಲ್ಲ. ತಿಂಡಿ ಮುಗಿಸಿ, ಹಳೇ ಟವೆಲ್ ಹಾಸಿಕೊಂಡು ಗಾಡಿಯ ಎದುರು ಕೂತೆ. ಬಣ್ಣಕ್ಕೆ ಗೀರು ಬೀಳದಂತೆ ಲೈಟಿನ ಸುತ್ತ ಟೇಪು ಅಂಟಿಸಿದೆ. ಬಕೆಟ್ಟಿನ ನೀರಿಗೆ ಎರಡು ಹನಿ ಶಾಂಪೂ ಬಿಟ್ಟೆ.

ಹೆಡ್‌ಲೈಟಿನ ಮುಖ ಗಾಜಲ್ಲ, ಪ್ಲಾಸ್ಟಿಕ್ಕು. ಅದರ ಮೇಲೆ ಬಿಸಿಲು ತಡೆಯುವ ತೆಳು ಲೇಪ ಇರುತ್ತದೆ. ವರ್ಷಗಳು ಕಳೆದಂತೆ ಆ ಲೇಪ ಸಾಯುತ್ತದೆ, ಅಡಿಯ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ. ಕೊಳೆಯಾಗಿದ್ದರೆ ತೊಳೆದರೆ ಹೋಗುತ್ತಿತ್ತು. ಇದನ್ನು ಉಜ್ಜಿ ಸವೆಸಿಯೇ ತೆಗೆಯಬೇಕು. ಮೊದಲು ಎಡಗಡೆಯ ಲೈಟು. ಎಂಟುನೂರರ ಕಾಗದ ಹಿಡಿದು ಅಡ್ಡಡ್ಡ ಉಜ್ಜಿದೆ. ಹಳದಿ ಹಾಲಿನಂಥ ನೀರು ಬಂಪರಿನ ಮೇಲೆ ಇಳಿಯಿತು. ಕೈ ಆಡುತ್ತಿದ್ದ ಹಾಗೇ ಬಾಯೊಳಗೊಂದು ವಾಕ್ಯವೂ ಆಡುತ್ತಿತ್ತು: ಅಪ್ಪ, ಗಾಡಿ ನನಗೆ ಬೇಕು.

ಅರ್ಧ ಗಂಟೆಗೆ ಲೈಟು ಪೂರ್ತಿ ಬಿಳಿಚಿಕೊಂಡು ಹಳದಿಯಾಗಿದ್ದಾಗಿನದಕ್ಕಿಂತ ಹೆಚ್ಚು ಕುರುಡಾಯಿತು. ಹೀಗಾಗುವುದು ಸರಿಯಾದ ಲಕ್ಷಣ ಎಂದು ಗೊತ್ತಿತ್ತು. ಆದರೂ ಇಲ್ಲಿಗೇ ಬಿಟ್ಟರೆ ಯಾವ ಮೇಷ್ಟ್ರೂ ಈ ಗಾಡಿ ಒಯ್ಯುವುದಿಲ್ಲ ಎಂಬ ಯೋಚನೆ ಬಂತು. ಬಂದಷ್ಟೇ ಬೇಗ ನಾಚಿಕೆಯೂ ಆಯಿತು.

ಸಾವಿರದೈನೂರರ ಕಾಗದ ತೆಗೆದೆ. ಈ ಸಲ ಉದ್ದುದ್ದ. ವಾಕ್ಯವೂ ಬದಲಾಯಿತು: ಅಪ್ಪ, ಇನ್ನೊಂದು ವರ್ಷ ಇಟ್ಕೊಳ್ಳೋಣ್ವಾ? ಎರಡು ಸಾವಿರಕ್ಕೆ ಬರುವಷ್ಟರಲ್ಲಿ ಅದು, ಅಪ್ಪ, ಮೇಷ್ಟ್ರಿಗೆ ಗಾಡಿ ಇಷ್ಟ ಆಗ್ದೇ ಇದ್ರೆ? ಎಂದಾಗಿತ್ತು. ಕಾಗದ ನಯವಾದಷ್ಟೂ ನನ್ನ ಮಾತೂ ನಯವಾಗುತ್ತಿದೆ ಎಂದು ಗೊತ್ತಾಗಿ ನನ್ನ ಮೇಲೇ ಸಿಟ್ಟು ಬಂತು.

ಅಪ್ಪ ಪೇಪರ್ ಹಿಡಿದು ಹೊರಗೆ ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು.

"ಕೈ ನೋಯಲ್ವಾ?"

"ಇಲ್ಲ."

"ಏನಾದ್ರೂ ಬೇಕಾ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. "ಬೇಡ" ಎಂದೆ. ಅವರು ಒಳಗೆ ಹೋದರು. ಬಕೆಟ್ಟಿನ ನೀರು ಚೆಲ್ಲಿ, ಬೇಕಿಲ್ಲದಿದ್ದರೂ ಮತ್ತೆ ತುಂಬಿಸಿಕೊಂಡು ಬಂದೆ.

ಕಾಂಪೌಂಡ್ ಹಚ್ಚಿ ತಿಕ್ಕಿದ ಮೇಲೆ ಎಡಗಡೆಯ ಲೈಟು ತಿಳಿಯಾಯಿತು. ಒಳಗಿನ ಬಲ್ಬು, ಬಲ್ಬಿನ ಹಿಂದಿನ ಹೊಳಪು ಎಲ್ಲ ಕಂಡವು. ಬಲಗಡೆಯದು ಹಾಗೇ ಹಳದಿಯಾಗಿತ್ತು. ಅಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು, ಪ್ರಾಕ್ಟಿಕಲ್ ರೆಕಾರ್ಡಿನ ಗೋಳು. ಮಾತಾಡುತ್ತಾ ಮಹಡಿಗೆ ಹೋದೆ. ಇಳಿದು ಬಂದಾಗ ಅಮ್ಮ ನನ್ನ ಟವೆಲ್ ಮೇಲೆ ಕೂತಿದ್ದರು. ಪಕ್ಕದಲ್ಲಿ ಹುಣಿಸೆಹಣ್ಣಿನ ಬಟ್ಟಲು. ಕೈಯಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್.

ಸೋಮವಾರದ ಪೂಜೆಗೆಂದು ಅಮ್ಮ ಶನಿವಾರವೇ ದೀಪ, ಗಂಟೆ, ಆರತಿ ತಟ್ಟೆ ಬೆಳಗಿಡುತ್ತಾರೆ. ಆ ಸಾಲಿಗೆ ಇದನ್ನೂ ಸೇರಿಸಿಕೊಂಡಿದ್ದರು.

"ಅಮ್ಮಾ! ಏನ್ ಮಾಡ್ತಿದೀಯಾ?"

"ಅಯ್ಯೋ, ಬೆಳಗಿಂದ ಒಬ್ಳೇ ಒದ್ದಾಡ್ತಿದ್ಯಲ್ಲೇ. ಇಷ್ಟು ಕಿಲುಬಿಗೆ ನಿನ್ ಕಾಗ್ದ ಸಾಕಾಗುತ್ತಾ? ಹುಣ್ಸೆಹಣ್ಣು ಹಾಕಿ ನಾಲ್ಕು ಸಲ ಎಳೆದೆ ನೋಡು, ಹೆಂಗ್ ಬಿಟ್ಕೊಂತು."

ನೀರು ಹಾಕಿದೆ. ಬಲಗಡೆಯ ಲೈಟಿನ ತುಂಬಾ ಸುರುಳಿ ಸುರುಳಿ ಗೀರು. ಬೆರಳಿನ ಉಗುರಿಗೆ ಸಿಕ್ಕುವಷ್ಟು ಆಳ.

"ಇದು ಹಿತ್ತಾಳೆ ಅಲ್ಲಮ್ಮ."

ಅಮ್ಮ ಸ್ಕ್ರಬ್ಬರನ್ನು ಬಟ್ಟಲಿಗೆ ಹಾಕಿ ಸೆರಗಿನಿಂದ ಲೈಟು ಒರೆಸಿದರು. ಗೀರು ಹೋಗಲಿಲ್ಲ. "ನಿಮ್ಮಪ್ಪಂಗೆ ಹೇಳ್ಬೇಡ ಕಣೇ. ಮೇಷ್ಟ್ರು ಮುಂದೆ ಮರ್ಯಾದೆ ಹೋಯ್ತು ಅಂತ ವರ್ಷವೆಲ್ಲ ಆಡ್ಕೊಂತಾರೆ."

ಈಗ ನಿಜಕ್ಕೂ ಬಿಟ್ಟುಬಿಡಬಹುದಿತ್ತು. ನಾನು ಕೆಡಿಸಿದ್ದಲ್ಲ. ಹೀಗಿರುವ ಲೈಟು ನೋಡಿ ಮೇಷ್ಟ್ರು ಹಿಂದೆ ಸರಿದರೆ ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಆದರೆ ನಾನು ಹೇಳಲಾರದ ಒಂದು ಮಾತಿಗೆ ಅಮ್ಮ ವರ್ಷವೆಲ್ಲ ಬೈಸಿಕೊಳ್ಳಬೇಕಾಗುತ್ತಿತ್ತು. ಬೇಕಾಗಲ್ಲ ಎಂದು ಅಂಗಡಿಯವನು ಇಟ್ಟಿದ್ದ ನಾನೂರರ ತುಂಡು ತೆಗೆದೆ.

ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ನಾನೂರು, ಎಂಟುನೂರು, ಸಾವಿರದೈನೂರು, ಎರಡು ಸಾವಿರ. ಗಂಟೆ ನೋಡುತ್ತಿದ್ದೆ, ಕೈ ಒರೆಸುತ್ತಿದ್ದೆ, ಗೇಟಿನ ಕಡೆ ತಿರುಗುತ್ತಿದ್ದೆ. ನಾಲ್ಕು ಗಂಟೆಗೆ ಗೀರುಗಳು ಹೋದವು, ಮಂಜು ಮಾತ್ರ ಉಳಿದಿತ್ತು. ಅದನ್ನು ತೆಗೆಯಲು ಡಬ್ಬಿಯಲ್ಲಿ ಕಾಂಪೌಂಡ್ ಇರಲಿಲ್ಲ. ಇದ್ದದ್ದನ್ನೆಲ್ಲ ಎಡಗಡೆಗೇ ಸುರಿದಿದ್ದೆ.

ಸ್ಕ್ರಬ್ಬರ್ ಎತ್ತಿಕೊಂಡು ಹೋದ ಮೇಲೆ ಸುಳಿಯದಿದ್ದ ಅಮ್ಮ ಮೆಲ್ಲಗೆ ಬಂದು ಒಂದು ವಿಭೂತಿ ಗಟ್ಟಿ ಮುಂದೆ ಹಿಡಿದರು. "ಬೆಳ್ಳಿ ಕರಡಿಗೆಗೆ ಇದನ್ನೇ ಅಲ್ವಾ ಹಾಕೋದು? ಒಂದು ಗೀರು ಬೀಳಲ್ಲ."

ಕರಡಿಗೆ ಎಂದರೆ ಅಜ್ಜಿ ಕೊರಳಲ್ಲಿ ಧರಿಸುತ್ತಿದ್ದ, ಇಷ್ಟಲಿಂಗ ಇಡುವ ಬೆಳ್ಳಿಯ ಗೂಡು. ಅದರ ಹೊಳಪು ನನಗೆ ನೆನಪಿತ್ತು. ವಿಭೂತಿಯನ್ನು ಪುಡಿ ಮಾಡಿ, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ತೆಗೆದುಕೊಂಡು, ಎರಡು ಹನಿ ನೀರು ಬಿಟ್ಟು ತಿಕ್ಕಿದೆ. ಮಂಜು ಮೆಲ್ಲಗೆ ಕರಗಿತು. ಎಡಗಡೆಯಷ್ಟು ತಿಳಿಯಲ್ಲ, ಆದರೆ ಬಲ್ಬು ಕಾಣುತ್ತಿತ್ತು.

ಹೊರಗೆ ಬಂದ ಅಪ್ಪ ಗಾಡಿಯ ಮುಂಭಾಗದಲ್ಲೆಲ್ಲ ಚೆಲ್ಲಿದ್ದ ವಿಭೂತಿ ನೋಡಿ, "ಏನ್ರೇ, ಗಾಡಿಗೂ ದೀಕ್ಷೆ ಕೊಟ್ರಾ?" ಎಂದರು.

ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಸ್ಕೂಟರಿನಲ್ಲಿ ಬಂದರು. ಕಾಫಿ ಕುಡಿದು, ಗಾಡಿಯ ಸುತ್ತ ಎರಡು ಸುತ್ತು ಬಂದು, ಟೈರನ್ನು ಚಪ್ಪಲಿಯಿಂದ ಒತ್ತಿ ನೋಡಿ, "ಲೈಟ್ ಹಾಕಮ್ಮ" ಎಂದರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಹಾಕಿದೆ. ಕಾಂಪೌಂಡ್ ಗೋಡೆಯ ಮೇಲೆ ಎರಡು ಬೆಳಕು ಬಿದ್ದವು. ಗೋಡೆಯ ಬಿರುಕು, ಬಿರುಕಿನಲ್ಲಿ ಹೋಗುತ್ತಿದ್ದ ಇರುವೆ ಸಾಲು ಎಲ್ಲ ಕಾಣಿಸಿತು.

"ಏನಯ್ಯಾ ಇದು! ನನ್ ಮದುವೆ ಚಪ್ಪರದಲ್ಲೂ ಇಷ್ಟು ಬೆಳಕಿರ್ಲಿಲ್ಲ ಕಣಯ್ಯ."

"ಎಲ್ಲಾ ಮಗಳದೇ ಕೆಲ್ಸ" ಎಂದರು ಅಪ್ಪ.

ಮೇಷ್ಟ್ರು ಕಿಟಕಿಯ ಹತ್ತಿರ ಬಗ್ಗಿದರು. "ಇಷ್ಟು ಚೆನ್ನಾಗ್ ಮಾಡಿದ್ಯಲ್ಲಮ್ಮ. ನಾಳೆ ನಾನು ತಗೊಂಡೋದ್ರೆ, ಸೋಮವಾರ ಕುಣಿಗಲ್ಲಿಗೆ ಹೆಂಗೋಗ್ತೀಯ?"

ನನ್ನ ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು. ಬೆಳಿಗ್ಗೆಯಿಂದ ನಯ ಮಾಡುತ್ತಾ ಬಂದಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಮೊಟ್ಟಮೊದಲ ಒರಟು ವಾಕ್ಯವೇ ಹೊರಗೆ ಬಂತು.

"ಅಪ್ಪ, ಗಾಡಿ ನನಗೆ ಬೇಕು."

ಬಾಗಿಲಲ್ಲಿದ್ದ ಅಮ್ಮ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಅವತ್ತು ಕೇಳಿದ್ದಕ್ಕೆ ನಿಮ್ಮಿಷ್ಟ ಅಂದ್ಯಲ್ಲಾ?" ಅಪ್ಪನ ಮುಖ ಕೆಂಪಾಗಿತ್ತು.

"ಅಂದೆ."

"ಬೆಳಗಿಂದ ನೀನು ಇದರ ಮುಂದೇನೇ ಕೂತಿದ್ದೆ. ಏನಾದ್ರೂ ಬೇಕಾ ಅಂತ ಬಂದು ಕೇಳ್ದೆ. ಆಗ ಬಾಯಿ ಎಲ್ಲೋಗಿತ್ತು? ಈಗ ಮನೆಗೆ ಬಂದೋರ ಮುಂದೆ ಹೇಳ್ತೀಯಲ್ಲ, ನಾನು ಕೊಟ್ಟ ಮಾತು ಏನಾಗ್ಬೇಕು?"

ನನಗೆ ಲೈಟು ಆರಿಸುವುದು ಮರೆತುಹೋಗಿತ್ತು. ಆ ಬೆಳಕಿನಲ್ಲಿ ಮೇಷ್ಟ್ರು ತಮ್ಮ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿಕೊಂಡರು.

"ಇವತ್ತು ಯಾವ್ ವಾರನಯ್ಯ?"

"ಶನಿವಾರ."

"ಶನಿವಾರ ಕಬ್ಬಿಣದ ಮಾತಾಡ್ತಾರೇನಯ್ಯ? ಆಡಿದ್ರೂ ಅದು ಮಾತಲ್ಲ. ಬುಡು."

"ಇವತ್ತಿಂದಲ್ಲ ಮೇಷ್ಟ್ರೇ. ಛತ್ರದಲ್ಲಿ ನಿಮ್ಗೆ ಹೇಳಿದ್ನಲ್ಲ."

"ಅದೂ ಶನಿವಾರವೇ. ಆ ಮದುವೆ ಶನಿವಾರ ಆಗಿದ್ದು. ಪಾಯಸ ಚೆನ್ನಾಗಿತ್ತು, ಅದ್ರ ಧ್ಯಾನದಲ್ಲಿ ನಮಗಿಬ್ರಿಗೂ ವಾರ ಮರೆತೋಯ್ತು." ಅವರು ನನ್ನ ಕಡೆ ತಿರುಗಿದರು. "ಗಾಡಿ ನೀನೇ ಇಟ್ಕೊಳಮ್ಮ. ನನ್ ಮಗಂಗೆ ಬೇರೆ ಗಾಡಿ ನೋಡು ಅಂತೀನಿ. ಆದ್ರೆ ಒಂದಿನ ಕಡಬಕ್ಕೆ ಬಂದು ಈ ಸ್ಕೂಟರ್ ಲೈಟ್ ಉಜ್ಜಿ ಕೊಡ್ಬೇಕು. ಇದೂ ಶನಿವಾರದ ಮಾತೇ, ಬರ್ದೇ ಇದ್ರೂ ನಡೆಯುತ್ತೆ."

ಅಪ್ಪ ನಗಲಿಲ್ಲ. ಆದರೆ ಮೇಷ್ಟ್ರಿಗೆ ಇನ್ನೊಂದು ಕಾಫಿ ತರಲು ಹೇಳಿದರು.

ಅವರು ಹೋದ ಮೇಲೆ ನಾನು ಕೀ ತೂಗುಹಾಕಲು ಟಿವಿಯ ಹತ್ತಿರ ಹೋದೆ. ಕ್ಯಾಲೆಂಡರಿನಲ್ಲಿ ಆ ಮದುವೆಯ ದಿನಕ್ಕೆ ಅಮ್ಮ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಅದು ಭಾನುವಾರ. ಹಿಂದೆ ಅಪ್ಪ ನಿಂತಿದ್ದರು. ಅವರೂ ಅದನ್ನೇ ನೋಡುತ್ತಿದ್ದರು. ಜೀವನವೆಲ್ಲ ಹಾಜರಿ ಪುಸ್ತಕಕ್ಕೆ ತಾರೀಖು ಹಾಕಿದ ಮನುಷ್ಯ. ಕ್ಯಾಲೆಂಡರಿನ ಮುದುಡಿದ ತುದಿಯನ್ನು ಬೆರಳಿನಿಂದ ನೇರ ಮಾಡಿ, ಟಿವಿ ಹಾಕಿಕೊಂಡು ಕೂತರು.

ಆ ಲೈಟುಗಳು ಹಾಗೇ ಉಳಿಯುವುದಿಲ್ಲ. ಬಿಸಿಲು ತಡೆಯುವ ಲೇಪ ನಾನು ಹಾಕಲಿಲ್ಲ. ವಿಭೂತಿ ಹಚ್ಚಿದ ಬಲಗಡೆಯದು ಆಗಲೇ ಅಂಚಿನಲ್ಲಿ ಮಬ್ಬಾಗುತ್ತಿದೆ. ಮತ್ತೆ ಉಜ್ಜಬೇಕು. ಆ ಸೋಮವಾರ ಬೆಳಿಗ್ಗೆ ಮೊಳೆಯಿಂದ ಕೀ ತೆಗೆದವಳು ಎಂದಿನಂತೆ ಸುಮ್ಮನೆ ಹೊರಡದೆ ಬಾಗಿಲಲ್ಲಿ ನಿಂತೆ.

"ಅಪ್ಪ, ಗಾಡಿ ತಗೊಂಡು ಹೋಗ್ತಿದೀನಿ."

"ಗೊತ್ತು" ಎಂದರು ಪೇಪರಿನ ಹಿಂದಿನಿಂದ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಹೇಳಿದರು: "ಆದ್ರೂ ದಿನಾ ಹಿಂಗೇ ಹೇಳಿ ಹೋಗು."