ಸಪ್ಪಲಮ್ಮನ ಮೈಬಣ್ಣ

ನಮ್ಮ ಕಡೆ ದೇವರುಗಳಿಗೆಲ್ಲ ಒಂದೇ ಬಣ್ಣ. ರಾಮನಿಗೂ ಕೃಷ್ಣನಿಗೂ ನೀಲಿ, ರಾಕ್ಷಸರಿಗೆ ಹಸಿರು, ಮಿಕ್ಕ ಮುಕ್ಕೋಟಿಗೂ ಒಂದೇ ಡಬ್ಬ. ಬಿಳಿ ಎನಾಮೆಲ್‌ಗೆ ಒಂದಿಷ್ಟು ಗುಲಾಬಿ ಬೆರೆಸಿದ ಆ ಬಣ್ಣವನ್ನು ಪೇಂಟರುಗಳು ‘ಮೈಬಣ್ಣ’ ಎನ್ನುತ್ತಾರೆ. ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ನೋಡಿದರೂ ಆ ಬಣ್ಣದ ಮೈ ಒಂದೂ ಕಣ್ಣಿಗೆ ಬೀಳುವುದಿಲ್ಲ. ಆದರೂ ಅದರ ಹೆಸರು ಮೈಬಣ್ಣವೇ.

ಆ ಡಬ್ಬ ಹಿಡಿದು ಇಪ್ಪತ್ತು ವರ್ಷ ಗೋಪುರಗಳನ್ನು ಹತ್ತಿ ಇಳಿದವನು ನಮ್ಮೂರಿನ ಕೆಂಪರಾಜು. ನಮ್ಮೂರು ಇರುವುದು ನಗರಗೆರೆಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡು. ಇತ್ತ ಚಿಂತಾಮಣಿ, ಅತ್ತ ಶಿಡ್ಲಘಟ್ಟ, ಎಲ್ಲಿ ಹೊಸ ಗೋಪುರ ಎದ್ದರೂ ಅದರ ಮೇಲೆ ಕೆಂಪರಾಜು ಕಾಣುತ್ತಿದ್ದ. ಅವನು ಗೋಪುರದ ನೆತ್ತಿಯವರೆಗೆ ಹತ್ತಬಹುದು. ಗರ್ಭಗುಡಿಯ ಹೊಸ್ತಿಲಿನ ಮಾತು ಬಂದರೆ ಮಾತ್ರ ಪ್ರತಿ ಊರಿನ ಕಮಿಟಿಗೂ ಒಂದು ಕೆಮ್ಮು ಬರುತ್ತದೆ. ಈ ಕೆಮ್ಮು ನಮ್ಮ ಕಮಿಟಿಗೂ ಇದೆ. ನಾನು ಅದರ ಸದಸ್ಯ, ಹೆಸರು ಮೋಹನ್‌ಬಾಬು, ಸಹಕಾರಿ ಸಂಘದಿಂದ ನಿವೃತ್ತನಾದವನು. ಸಭೆಗೆ ಟೀ ತರಿಸುವುದು ನನ್ನ ಖಾತೆ.

ಕೆಂಪರಾಜುವಿಗೆ ಒಂದೇ ಒಂದು ಕೊರಗಿತ್ತು. ಗೋಪುರದ ಬುಡದಲ್ಲಿ ಯಾರ ಹೆಸರಿರುವುದಿಲ್ಲ ಹೇಳಿ. ಗಂಟೆ ಕೊಟ್ಟವರು, ಗ್ರಿಲ್ ಕೊಟ್ಟವರು, ಬೋರ್‌ವೆಲ್ ಕೊರೆಸಿ ನೀರು ಬಾರದವರು, ಉದ್ಘಾಟನೆಗೆ ಬರುತ್ತೇನೆಂದು ಹೇಳಿ ಬಾರದವರು, ಎಲ್ಲರೂ ಅಲ್ಲಿದ್ದಾರೆ. ಎಲ್ಲರ ಹೆಸರನ್ನೂ ನೆರಳು ಕೊಟ್ಟು ಉಬ್ಬಕ್ಷರದಲ್ಲಿ ಬರೆದವನು ಕೆಂಪರಾಜುವೇ. ಅವನ ಹೆಸರು ಮಾತ್ರ ಎಲ್ಲೂ ಇಲ್ಲ. ಮೀಸೆ ತಿದ್ದಿಕೊಳ್ಳುತ್ತಾ, ‘ಗಾರೆ ಕಲಸಿದೋನ ಹೆಸರೂ ಐತೆ ಸಾರ್, ನಂದೇ ಇಲ್ಲ’ ಎಂದು ಅವನು ನನ್ನ ಹತ್ತಿರ ಅಂದದ್ದು ಒಂದು ಸಲವಲ್ಲ. ವಿನಯ ಅವನ ಜಾಯಮಾನದಲ್ಲೇ ಇಲ್ಲ. ಇರಬೇಕೆಂದು ನಾನೂ ಹೇಳುವುದಿಲ್ಲ.

ಹೋದ ವರ್ಷ ನಮ್ಮೂರ ಸಪ್ಪಲಮ್ಮನ ಗುಡಿಗೆ ಗೋಪುರವಾಯಿತು. ಅದರ ಮಧ್ಯೆ ಆಳೆತ್ತರದ ಗಾರೆಯ ಸಪ್ಪಲಮ್ಮ ಕೂತಳು. ಬಣ್ಣದ ಕೆಲಸ ಒಪ್ಪಿಕೊಳ್ಳುವಾಗ ಕೆಂಪರಾಜು ತನ್ನ ಬೇಡಿಕೆ ಇಟ್ಟ. ಬುಡದಲ್ಲಿ ಒಂದು ಸಾಲು, ತನ್ನ ಹೆಸರು, ‘ಕಲಾವಿದ’ ಎಂದು ಸೇರಿಸಿ. ನಮ್ಮ ಅಧ್ಯಕ್ಷರು ಚನ್ನಕೇಶವ. ಹಾಲಿನ ಡೈರಿಗೂ ಅವರೇ ಅಧ್ಯಕ್ಷರು, ಊರಿನಲ್ಲಿ ಎರಡು ಜನ ಸೇರಿ ಕೂತರೆ ಅದಕ್ಕೂ ಅವರೇ ಅಧ್ಯಕ್ಷರು.

‘ಮೊದ್ಲು ಮುಖ ನೋಡಣ, ಆಮೇಲೆ ಹೆಸರು ನೋಡಣ’ ಎಂದರು.

ಆ ಮಾತು ಕೆಂಪರಾಜುವಿನ ತಲೆಗೆ ಹೊಕ್ಕಿತು. ಮುಖ ಜೀವಂತವಾಗಿರಬೇಕು, ಹೇಗೆ? ದಾರಿ ಹುಡುಕಿದವಳು ಅವನ ಹೆಂಡತಿ ತನುಜ. ಅವಳು ಅಂಗನವಾಡಿ ಟೀಚರು. ವಾಟ್ಸಾಪಿನಲ್ಲಿ ಒಂದು ಪ್ರಕಟಣೆ ಬಂದಿತ್ತು: ಚಿಕ್ಕಬಳ್ಳಾಪುರದ ಕಲ್ಯಾಣ ಮಂಟಪವೊಂದರಲ್ಲಿ ಶಿಬಿರ, ‘ಮನುಷ್ಯಾಕೃತಿ ಚಿತ್ರಣದಲ್ಲಿ ಬಣ್ಣ ಮತ್ತು ಬೆಳಕು’. ‘ಹೋಗ್ಬಾ ಹೋಗು, ಮನೇಲಿ ಕೂತು ಮೀಸೆ ತಿರುವೋ ಬದ್ಲು’ ಎಂದು ಅವಳೇ ಬಸ್ಸು ಹತ್ತಿಸಿದಳು.

ಶಿಬಿರ ನಡೆಸಿದ ಮುರಳಿಮೋಹನ್ ಎಂಬ ಗುರುಗಳು ಪ್ರತಿ ಮಾತಿಗೂ ಮೊದಲು ಕಣ್ಣು ಮುಚ್ಚುತ್ತಿದ್ದರಂತೆ. ಬಣ್ಣದ ಬಗ್ಗೆ ಮಾತಾಡುವವರು ಯಾಕೆ ಕಣ್ಣು ಮುಚ್ಚಬೇಕೋ ನನಗೆ ತಿಳಿಯದು. ಮಾದರಿಯಾಗಿ ಕೂರಲು ಯಾರೂ ಸಿಗದೆ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದ ನಂದಿಯ ವೆಂಕಟರತ್ನಮ್ಮನನ್ನು ಕರೆತಂದು ಕಿಟಕಿಯ ಪಕ್ಕ ಕೂರಿಸಿದರು. ಆಕೆ ‘ಸುಮ್ನೆ ಕೂತ್ಕೊಳಾಕೂ ಕರೀತಾರಾ?’ ಎಂದು ಕೇಳಿ, ಕೂತು, ನಿದ್ದೆ ಹೋದಳು. ಕೆಂಪರಾಜುವಿನ ಕೈ ಅಭ್ಯಾಸಬಲದಿಂದ ಬಿಳಿಗೂ ಗುಲಾಬಿಗೂ ಹೋಯಿತು.

‘ಅವರ ಕೆನ್ನೆ ಗುಲಾಬಿ ಇದೆಯೇನ್ರೀ?’ ಎಂದರು ಗುರುಗಳು. ‘ಬಳಿಯೋಕೆ ಮುಂಚೆ ಬೆಳಕು ಎಲ್ಲಿಂದ ಬರ್ತಿದೆ, ಅದರ ಬಣ್ಣ ಏನು ಅಂತ ಕೇಳ್ಕೊಳ್ಳಿ. ನೆರಳು ಕಪ್ಪಲ್ಲ.’

ಕೆಂಪರಾಜು ನೋಡಿದ. ಕಿಟಕಿಯ ಕಡೆಯ ಕೆನ್ನೆ ತಾಮ್ರದಂತಿತ್ತು. ದವಡೆಯ ಕೆಳಗೆ ನೀಲಿ ಇತ್ತು. ಉಟ್ಟಿದ್ದ ಅರಿಶಿನ ಬಣ್ಣದ ಸೀರೆ ಗದ್ದದ ಅಡಿಗೆ ತನ್ನ ಬಣ್ಣವನ್ನು ಎರಚಿತ್ತು. ಇಪ್ಪತ್ತು ವರ್ಷ ಮೈಬಣ್ಣ ಬಳಿದವನು ಮೈಯ ಬಣ್ಣವನ್ನು ಅವತ್ತು ಮೊದಲ ಸಲ ಕಂಡ. ಇದನ್ನು ನನಗೆ ಹೇಳುವಾಗ ಅವನ ಕೈ ಮೀಸೆಯ ಕಡೆ ಹೋಗಿರಲಿಲ್ಲ.

ಊರಿಗೆ ಬಂದ ಮೇಲೆ ಅವನಿಗೆ ಹಿಡಿದದ್ದು ಹುಚ್ಚೇ. ತನುಜ ಮುದ್ದೆ ಇಟ್ಟರೆ, ‘ಇದು ಕಂದು ಅಲ್ಲ ಕಣೇ, ಈ ಕಡೆ ನೇರಳೆ ಐತೆ ನೋಡು’ ಎನ್ನುತ್ತಿದ್ದ. ‘ನೇರಳೆ ಆದ್ರೂ ನುಂಗು, ಆರೋಗ್ತೈತೆ’ ಎನ್ನುತ್ತಿದ್ದಳು ಅವಳು. ಟೀ ಅಂಗಡಿಯಲ್ಲಿ ಕೂತವರನ್ನೆಲ್ಲ ‘ಬೆಳಕು ಎಲ್ಲಿಂದ ಬರ್ತೈತೆ ಹೇಳು’ ಎಂದು ಪರೀಕ್ಷೆ ಮಾಡುತ್ತಿದ್ದ. ಅಧ್ಯಕ್ಷರ ಹೆಂಡತಿ ಶ್ಯಾಮಲಮ್ಮ ಡೈರಿಗೆ ಹಾಲು ತಂದಾಗ ರೆಪ್ಪೆ ಮಿಟುಕಿಸದೆ ಅವರನ್ನೇ ನೋಡಿದ.

‘ಏನಯ್ಯಾ ಹಂಗ್ ನೋಡ್ತೀಯ?’

‘ಏನಿಲ್ಲಕ್ಕಾ, ನಿಮ್ ಕೆನ್ನೆ ಮೇಲೆ ಹಸಿರು ಐತೆ.’

ಬೇರೆ ಯಾರಾದರೂ ಆಗಿದ್ದರೆ ಹಾಲಿನ ಕ್ಯಾನು ತಲೆಯ ಮೇಲೆ ಬೀಳುತ್ತಿತ್ತು. ನನ್ನ ಮೂಗಿನ ತುದಿಯಲ್ಲಿ ಕಿತ್ತಳೆ ಬಣ್ಣವಿದೆಯೆಂದ. ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಹೇಳಬಾರದು, ಇತ್ತು.

ಕೆಲಸ ಶುರುವಾಯಿತು. ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಅಮ್ಮನ ಮುಖಕ್ಕೆ ಬಣ್ಣ ಮುಟ್ಟಿಸಿದ ಮೇಲೆ, ಕಣ್ಣು ಬಿಡಿಸಿ ಕನ್ನಡಿ ತೋರಿಸುವ ತನಕ ಆ ಮುಖ ಊರವರ ಕಣ್ಣಿಗೆ ಬೀಳಬಾರದು. ಹಿಂದೆ ತೆಂಗಿನ ಗರಿಯ ತಡಿಕೆ ಕಟ್ಟುತ್ತಿದ್ದರು. ಈಗ ಗರಿ ಹೆಣೆಯುವವರು ಯಾರು? ಗುಡಿಯ ಪಕ್ಕದ ಜಮೀನಿನ ಬಯ್ಯಪ್ಪ ತನ್ನ ದಪ್ಪಮೆಣಸಿನಕಾಯಿ ತೋಟಕ್ಕೆ ನೆರಳಿಗೆಂದು ಹಾಕಿ ಉಳಿದಿದ್ದ ಹಸಿರು ನೆಟ್ಟನ್ನು ದಾನ ಮಾಡಿದ. ಅದನ್ನು ಬೊಂಬಿನ ಸಾರವೆಯ ಸುತ್ತ ಎರಡು ಸುತ್ತು ಸುತ್ತಿ ಬಿಗಿದರು. ಒಳಗೆ ಸಪ್ಪಲಮ್ಮ ಮತ್ತು ಕೆಂಪರಾಜು ಇಬ್ಬರೇ.

ಬಣ್ಣ ಕಲಸುವುದೂ ಒಳಗೇ, ಬಳಿಯುವುದೂ ಒಳಗೇ. ಆಗಾಗ ನೆಟ್ಟಿನೊಳಗಿಂದ ಅವನ ದನಿ ಕೇಳುತ್ತಿತ್ತು: ‘ಇನ್ನೊಂದ್ ಡಬ್ಬ ಕೆಂಪು ಬೇಕು!’ ಅವನು ಹಿಂದೆ ಬಳಿದ ಗೋಪುರಗಳಿಗೆಲ್ಲ ಸೇರಿ ಆಗದಷ್ಟು ಕೆಂಪು ಈ ಒಂದು ಮುಖಕ್ಕೆ ಹೋಯಿತು. ಕಮಿಟಿಯವರು ಹೊಸ ವಿದ್ಯೆ ಇರಬೇಕು ಅಂದುಕೊಂಡು ತರಿಸಿಕೊಟ್ಟರು. ಸಂಜೆ ಇಳಿದು ಬಂದರೆ ಅವನ ಮುಖ ನೋಡಬೇಕಿತ್ತು.

‘ಸಾರ್, ನಮ್ ಹೆಂಗಸ್ರ ಬಣ್ಣ ಹಾಕ್ತಿದೀನಿ’ ಎಂದು ಒಂದು ದಿನ ಗುಟ್ಟಾಗಿ ಹೇಳಿದ. ‘ಬೆಳಗ್ಗೆ ರಾಗಿ ಹೊಲದಲ್ಲಿ ಕಳೆ ಕೀಳೋವಾಗ ಇರ್ತದಲ್ಲ, ಆ ಬಣ್ಣ. ಮುಖ ಶಾಂತ. ಈಗ ಮಾತಾಡ್ತಾಳೋ ಆಮೇಲ್ ಮಾತಾಡ್ತಾಳೋ ಅನ್ನೋ ಹಂಗೆ.’

ನನಗೆ ನಿಜಕ್ಕೂ ಸಂತೋಷವಾಯಿತು. ಗುಲಾಬಿ ದೇವರನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಅಧ್ಯಕ್ಷರಿಗೆ ಹೇಳಿ, ಮುಖ ನೋಡುವ ಮೊದಲೇ ಹೆಸರಿಗೆ ಒಪ್ಪಿಗೆ ಕೊಡಿಸಿದೆ. ಬುಡದಲ್ಲಿ, ಬಾಗಿಲ ಮೇಲಿನ ಪಟ್ಟಿಯಲ್ಲಿ, ಗ್ರಿಲ್ ದಾನಿಗಳ ಕೆಳಗೆ, ಅವನು ತನ್ನ ಜೀವಮಾನದಲ್ಲೇ ಮೊದಲ ಸಲ ಬರೆದುಕೊಂಡ: ‘ಕಲಾವಿದ ಕೆಂಪರಾಜು’. ಅಕ್ಷರ ಸಣ್ಣದೇ. ತನುಜ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಳು.

ಕಣ್ಣು ಬಿಡಿಸುವ ದಿನ ಬಂತು. ಬೆಳಗಿನ ಬಿಸಿಲು ಚೆನ್ನಾಗಿತ್ತು, ಊರೆಲ್ಲ ಸೇರಿತ್ತು. ಕೆಂಪರಾಜು ಸಾರವೆಯ ಮೇಲೆ ನೆಟ್ಟಿನೊಳಗೆ ಕೂತು ಕಣ್ಣುಗುಡ್ಡೆ ಬರೆದು, ಕನ್ನಡಿ ತೋರಿಸಿ, ‘ಆಯ್ತು’ ಎಂದು ಕೂಗಿದ. ವಾಲಗ ಶುರುವಾಯಿತು. ಹಗ್ಗ ಬಿಚ್ಚಿದರು. ನೆಟ್ಟು ಜಾರಿ ಅವನ ಕಾಲಬುಡಕ್ಕೆ ಬಿತ್ತು.

ವಾಲಗ ನಿಂತಿತು. ಸಪ್ಪಲಮ್ಮನ ಮುಖ ಕುಲುಮೆಯಿಂದ ಆಗತಾನೆ ತೆಗೆದ ನೇಗಿಲ ಕುಳದ ಹಾಗೆ ಕೆಂಪಗಿತ್ತು. ತಾಮ್ರವಲ್ಲ, ರಾಗಿ ಹೊಲವಲ್ಲ, ಶಾಂತವಂತೂ ಅಲ್ಲವೇ ಅಲ್ಲ. ಕೆನ್ನೆ ಕೆಂಪು, ಹಣೆ ಕೆಂಪು, ಗದ್ದದ ನೆರಳೂ ಕೆಂಪು.

ಕೆಂಪರಾಜು ಮುಖ ನೋಡಿದ. ಕಾಲಬುಡದ ನೆಟ್ಟು ನೋಡಿದ. ತಲೆಯೆತ್ತಿ ಸೂರ್ಯನನ್ನು ನೋಡಿದ. ಹಸಿರು ಬೆಳಕಿನಲ್ಲಿ ಕೂತು, ಮುಖವೆಲ್ಲ ಹಸಿರಾಗಿ ಕಂಡಾಗ ಅದನ್ನು ಸರಿಮಾಡಲು ಕೆಂಪಿನ ಮೇಲೆ ಕೆಂಪು ಸುರಿದಿದ್ದ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಊರಿನಲ್ಲಿ ಎಲ್ಲರನ್ನೂ ಕೇಳಿದವನು ತನ್ನನ್ನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ‘ಸಾರ್... ನೆಟ್ಟು’ ಎಂದು ಮೇಲಿನಿಂದ ನನ್ನ ಕಡೆ ನೋಡಿ ಕ್ಷೀಣವಾಗಿ ಹೇಳಿದ.

ಅಷ್ಟರಲ್ಲಿ ಜನರ ನಡುವಿನಿಂದ ಮುದುಕಿ ಗಂಗುಲಮ್ಮ ಕಿರುಚಿದಳು. ‘ಅಮ್ಮೋರಿಕಿ ಕೋಪಂ ವಚ್ಚಿಂದಿರಾ! ಅಮ್ಮ ಕೋಪ ಮಾಡ್ಕೊಂಡವ್ಳೆ ಕಣ್ರೋ!’ ಎಂದು ನೆಲಕ್ಕೆ ಬಿದ್ದಳು. ಅವಳ ಹಿಂದೆ ಊರಿಗೆ ಊರೇ ಅಡ್ಡಬಿತ್ತು. ಸಾರವೆಯ ಮೇಲೆ ಕೆಂಪರಾಜು ಒಬ್ಬನೇ ನಿಂತಿದ್ದ.

ಅಮ್ಮನಿಗೆ ಯಾರ ಮೇಲೆ ಕೋಪ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಬಯ್ಯಪ್ಪ ಗುಡಿಯ ಜಾಗಕ್ಕೆ ಸರಿಸಿದ್ದ ಬೇಲಿಯನ್ನು ಆ ಮಧ್ಯಾಹ್ನವೇ ಹಿಂದಕ್ಕೆ ತಂದ. ಡೈರಿಯ ಹಾಲು ಒಂದು ವಾರ ಗಟ್ಟಿಯಾಗಿತ್ತು. ಅತ್ತೆಯರು ಸೊಸೆಯರಿಗೆ ಮೊದಲು ಬಡಿಸಿದರು. ಅಧ್ಯಕ್ಷರು ಮೈಕು ಹಿಡಿದು, ಅಮ್ಮನ ಕೋಪ ಪಕ್ಕದ ಊರಿನವರ ಮೇಲೆ ಎಂದು ಘೋಷಿಸಿದರು. ವಿಡಿಯೊಗಳು ಹರಿದಾಡಿದವು. ಶಿಡ್ಲಘಟ್ಟದಿಂದ, ಚಿಂತಾಮಣಿಯಿಂದ ಟೆಂಪೊಗಳಲ್ಲಿ ಜನ ಬಂದರು. ಸಂಜೆಯಾದರೆ ಅಮ್ಮ ಇನ್ನೂ ಕೆಂಪಾಗುತ್ತಾಳೆ ಎಂದು ಸುದ್ದಿಯಾಯಿತು. ಮುಳುಗುವ ಬಿಸಿಲು ಬಿದ್ದರೆ ನನ್ನ ಮನೆಯ ನೀರಿನ ಟ್ಯಾಂಕೂ ಕೆಂಪಾಗುತ್ತದೆ. ಅದಕ್ಕೆ ಯಾರೂ ತೆಂಗಿನಕಾಯಿ ಒಡೆದಿಲ್ಲ.

ಕೆಂಪರಾಜು ಮೂರು ಹೊತ್ತು ಸರಿಯಾಗಿ ಉಣ್ಣಲಿಲ್ಲ ಎಂದು ತನುಜ ಹೇಳಿದಳು. ಕೊನೆಗೆ ಕಮಿಟಿಯ ಮುಂದೆ ಬಂದು ನಿಂತ.

‘ತಪ್ಪಾಗಿದೆ. ನೆಟ್ಟಿನ ಹಸಿರಿಂದ ಕಣ್ಣು ಮೋಸ ಹೋಯ್ತು. ಒಂದ್ ವಾರ ಕೊಡಿ, ಮುಖ ಮತ್ತೆ ಬರೀತೀನಿ. ಬಯಲಲ್ಲೇ ಬರೀತೀನಿ. ನನ್ನ ಮನಸ್ಸಲ್ಲಿರೋ ಅಮ್ಮ ಇವಳಲ್ಲ.’

ಚನ್ನಕೇಶವ ಗಾಬರಿಯಿಂದ ಬಾಗಿಲ ಕಡೆ ನೋಡಿದರು. ‘ಮೆಲ್ಲಗೆ ಮಾತಾಡಯ್ಯಾ! ಮುಖ ಮುಟ್ಟಿದ್ರೆ ಹುಷಾರು. ಅದು ತಾನಾಗೇ ಕೆಂಪಾದದ್ದು.’

‘ತಾನಾಗೇ ಎಲ್ಲಿ? ಡಬ್ಬ ತರ್ಸಿಕೊಟ್ಟೋರು ನೀವೇ ಅಲ್ವಾ?’

‘ತರ್ಸಿಕೊಟ್ವಿ. ಯಾರು ಇಲ್ಲ ಅಂದ್ರು? ಆದ್ರೆ ಜನ ನಂಬವ್ರೆ. ಇನ್ನೊಂದು ವಿಷಯ. ಬುಡದಲ್ಲಿ ಆ ಹೆಸರು ಇರೋದು ಸರಿಯಾಗಲ್ಲ. ದೂರದಿಂದ ಬಂದೋರು ಓದ್ತಾರೆ. ಕಲಾವಿದ ಅಂತಿದ್ರೆ ಯಾರೋ ಬಳಿದಿದ್ದು ಅನ್ಸಲ್ವಾ?’

ಕೆಂಪರಾಜುವಿನ ಕೈ ಮೀಸೆಯವರೆಗೆ ಹೋಗಿ ಅಲ್ಲೇ ನಿಂತಿತು. ನನಗೆ ತಡೆಯಲಾಗಲಿಲ್ಲ. ‘ಮುಖ ಮುಟ್ಟೋದ್ ಬೇಡ, ಸರಿ. ಹೆಸರು ಯಾಕ್ರೀ ತೆಗೀಬೇಕು? ಇಪ್ಪತ್ತು ವರ್ಷ ನಮ್ಮ ಹೆಸರೆಲ್ಲ ಬರ್ದವ್ನೆ, ಅವನದೊಂದು ಇರ್ಲಿ’ ಎಂದೆ.

‘ಮೋಹನ್‌ಬಾಬು, ನೀವು ಟೀ ನೋಡ್ಕೊಳಿ’ ಎಂದರು ಅಧ್ಯಕ್ಷರು. ಮಿಕ್ಕವರೆಲ್ಲ ಕೈಯೆತ್ತಿದರು.

ಹೆಸರು ಅಳಿಸಲು ಬೇರೆ ಪೇಂಟರನ್ನು ಕರೆದರೆ ಸುದ್ದಿಯಾಗುತ್ತದೆ ಎಂದು ಆ ಕೆಲಸವನ್ನೂ ಅವನಿಗೇ ಒಪ್ಪಿಸಿದರು. ಅವತ್ತು ಶುಕ್ರವಾರ, ಸಾಲು ಗುಡಿಯಿಂದ ಆಲದ ಮರದವರೆಗೆ ಇತ್ತು. ಕೆಂಪರಾಜು ಏಣಿ ಹಾಕಿ ಹತ್ತಿದ. ತನುಜ ಕೆಳಗೆ ಏಣಿ ಹಿಡಿದಿದ್ದಳು. ಅವನು ಮೊದಲು ‘ಕಲಾವಿದ’ ಎಂಬುದರ ಮೇಲೆ ಬುಡದ ಹಳದಿ ಬಳಿದ. ಕುಂಚವನ್ನು ಮತ್ತೆ ಅದ್ದಿದ. ಆಮೇಲೆ ಹೆಸರಿನ ಮೇಲೂ ಬಳಿದ. ಕೆಲಸದಲ್ಲಿ ಅವನು ಯಾವತ್ತೂ ಅಚ್ಚುಕಟ್ಟು. ಎರಡು ಕೈ ಹೊಡೆದ ಮೇಲೆ ಅಲ್ಲಿ ಏನಾದರೂ ಇತ್ತೆಂದು ನನಗೂ ಗುರುತು ಸಿಗಲಿಲ್ಲ. ನನಗೆ ತನುಜಳ ಮುಖ ನೋಡಲಾಗಲಿಲ್ಲ.

ಸಾಲಿನ ಮುಂದೆ ಗಂಗುಲಮ್ಮ ಕೈಜೋಡಿಸಿಕೊಂಡು ನಿಂತಿದ್ದಳು. ಆ ಕಡೆ ಈ ಕಡೆ ಕತ್ತು ಚಾಚಿ ನೋಡಿ ಸಾಕಾಗಿ, ಕೊನೆಗೆ ಅವನನ್ನು ಕೂಗಿದಳು.

‘ಯಾರಪ್ಪಾ ಅದು ಏಣಿ ಮೇಲೆ? ಸ್ವಲ್ಪ ಪಕ್ಕಕ್ಕೆ ಬಾರಪ್ಪ, ಅಮ್ಮ ಕಾಣಿಸ್ತಿಲ್ಲ.’

ಕೆಂಪರಾಜು ಇಳಿದು ಏಣಿ ತೆಗೆದ.